ಮುಳ್ಳಿನ ಮೇಲಿಟ್ಟ ನಾಣ್ಯ

"ಬುದ್ಧಿ, ಇನ್ನು ಏನನ್ನು ಬಿಗಿ ಮಾಡಲಿ?" ಎಂದು ಶಿಷ್ಯ ಕರಿಬಸವ ಸ್ವಾಮಿಗಳನ್ನು ಕೇಳಿದ.

ಮಠದ ಬೆಳಗಿನ ಪ್ರಾರ್ಥನೆ ಅವನ ಉಸ್ತುವಾರಿಯಲ್ಲಿ ನಡೆಯುತ್ತಿತ್ತು. ಈಚೆಗೆ ಆ ಪ್ರಾರ್ಥನೆಯಲ್ಲಿ ಅವನಿಗೆ ಭಕ್ತಿ ಕೇಳಿಸುತ್ತಿರಲಿಲ್ಲ. ಮೊದಲು ಹಾರ್ಮೋನಿಯಂ ರಿಪೇರಿ ಮಾಡಿಸಿದ. ಆಮೇಲೆ ಹಾಡುವವರನ್ನು ಇನ್ನೂ ಬೇಗ ಎಬ್ಬಿಸಿದ. ಪ್ರಾರ್ಥನೆ ಮುಗಿಯುವವರೆಗೆ ಅವರು ನೀರು ಕೂಡ ಕುಡಿಯಬಾರದು ಎಂದ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

"ಮುಂದೆ ಕೂತು ಹಾಡುವ ರೇವಮ್ಮನಲ್ಲೇ ದೋಷವಿದೆ ಅನ್ನಿಸುತ್ತದೆ. ನಾಳೆಯಿಂದ ಬರಬೇಡ ಅಂತ ಹೇಳಿಬಿಡಲೇ?"

ರೇವಮ್ಮ ಅರ್ಧ ಆಯುಸ್ಸನ್ನು ಆ ಮಠದಲ್ಲಿ ಹಾಡಿಯೇ ಕಳೆದವಳು. "ಕೂತುಕೋ. ಒಬ್ಬ ಪಾತ್ರೆ ವ್ಯಾಪಾರಿಯ ಕತೆ ಹೇಳುತ್ತೇನೆ" ಎಂದು ಸ್ವಾಮಿಗಳು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಂಚಿನ ಪಾತ್ರೆ ವ್ಯಾಪಾರಿ ಇದ್ದ. ಅಂಗಡಿಗೆ ಮಾಲು ಬಂದರೆ ಅವನು ಕಣ್ಣಿನಿಂದ ನೋಡಿ ಕೊಳ್ಳುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದ. ನಾದ ಉದ್ದಕ್ಕೆ ಎಳೆದರೆ ಪಾತ್ರೆ ಒಳ್ಳೆಯದು. ತಟ್ಟನೆ ನಿಂತರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ. ಅವನು ತಟ್ಟಿ ಕೊಟ್ಟ ಪಾತ್ರೆಯನ್ನು ಊರಿನಲ್ಲಿ ಯಾರೂ ಇನ್ನೊಮ್ಮೆ ತಟ್ಟಿ ನೋಡುತ್ತಿರಲಿಲ್ಲ. ತನ್ನ ಕಿವಿಯ ಬಗ್ಗೆ ಅವನಿಗೆ ಜಂಬವಿತ್ತು. ಇರಲಿ, ಜಂಬಕ್ಕೆ ಕಾರಣವೂ ಇತ್ತು.

ಅವನ ಹೆಂಡತಿ ಹಾಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಅವನ ಪಾಲಿಗೆ ಉಳಿದದ್ದು ಒಂದು ರೆಕಾರ್ಡು. ಪಟ್ಟಣದ ಕಂಪನಿಯೊಂದು ಅವಳ ಹಾಡನ್ನು ಧ್ವನಿಮುದ್ರಣ ಮಾಡಿತ್ತು. ಹಾಡು ಮುಗಿದ ಮೇಲೆ, ಯಂತ್ರ ನಿಂತಿದೆ ಎಂದುಕೊಂಡು, ಅವಳು ಮೂಲೆಯಲ್ಲಿ ನಿಂತಿದ್ದ ಗಂಡನ ಕಡೆ ತಿರುಗಿ ಮೆಲ್ಲಗೆ "ಸಾಕಾ?" ಎಂದು ಕೇಳಿದ್ದಳು. ಯಂತ್ರ ನಿಂತಿರಲಿಲ್ಲ. ಮಾರಾಟದ ರೆಕಾರ್ಡುಗಳಲ್ಲಿ ಕಂಪನಿಯವರು ಆ ಮಾತನ್ನು ಕತ್ತರಿಸಿ ತೆಗೆದರು. ಪರೀಕ್ಷೆಗೆಂದು ಮೊದಲು ಅಚ್ಚು ಹಾಕಿದ ಒಂದರಲ್ಲಿ ಮಾತ್ರ ಅದು ಉಳಿಯಿತು. ಅದನ್ನು ಅವಳಿಗೇ ಕೊಟ್ಟು ಕಳಿಸಿದ್ದರು.

ಹಾಡು ಊರಿನವರೆಲ್ಲರ ಮನೆಯಲ್ಲೂ ಇತ್ತು. "ಸಾಕಾ?" ಎಂಬ ಮಾತು ಅವನ ಮನೆಯಲ್ಲಿ ಮಾತ್ರ ಇತ್ತು. ಅಂಗಡಿಗೆ ರಜೆಯಿದ್ದ ದಿನ ಅವನು ಆ ರೆಕಾರ್ಡು ಹಾಕಿಕೊಂಡು ಕೂರುತ್ತಿದ್ದ. ಕೊನೆಯ ಒಂದು ಮಾತಿಗಾಗಿ ಹಾಡನ್ನೆಲ್ಲ ಕೇಳುತ್ತಿದ್ದ.

ರೆಕಾರ್ಡ್ ಪ್ಲೇಯರನ್ನು ಅವನಷ್ಟು ಜೋಪಾನ ಮಾಡಿದವರನ್ನು ನಾನು ಕಾಣೆ. ಕಂಚಿನ ಬಟ್ಟಲಿನಲ್ಲಿ ಅಂಚಿನವರೆಗೆ ನೀರು ತುಂಬಿ ಪೆಟ್ಟಿಗೆಯ ಮೇಲಿಡುತ್ತಿದ್ದ. ನೀರು ಯಾವ ಕಡೆ ವಾಲಿತೋ ಆ ಕಡೆಯ ಕಾಲಿನ ಕೆಳಗೆ ರಟ್ಟಿನ ಚೂರು ಸಿಕ್ಕಿಸಿ ಸಮ ಮಾಡುತ್ತಿದ್ದ. ರೆಕಾರ್ಡಿನ ಗೆರೆಗಳಲ್ಲಿ ಓಡುವ ಮುಳ್ಳಿಗೆ ಹತ್ತಿದ ಧೂಳನ್ನು ಮೃದುವಾದ ಕುಂಚದಿಂದ ಹಿಂದಿನಿಂದ ಮುಂದಕ್ಕೆ ತೆಗೆಯುತ್ತಿದ್ದ, ಅಡ್ಡಡ್ಡ ಎಂದೂ ಇಲ್ಲ. ತಟ್ಟೆಯನ್ನು ತಿರುಗಿಸುವ ರಬ್ಬರ್ ಪಟ್ಟಿ ಸಡಿಲವಾದರೆ ದನಿ ಜೋಲುತ್ತದೆ. ಅದನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದ. ಇದರಲ್ಲಿ ತಪ್ಪೇನೂ ಇರಲಿಲ್ಲ. ಮಾಡಿದ್ದಕ್ಕೆ ಫಲವೂ ಇತ್ತು. ಹೆಂಡತಿ ಪಕ್ಕದಲ್ಲೇ ಕೂತು ಕೇಳಿದ ಹಾಗೆ ಆ ಮಾತು ಕೇಳಿಸುತ್ತಿತ್ತು.

ಒಂದು ದಿನ ಅದು ಕೇಳಿಸಲಿಲ್ಲ. ಹಾಡು ಮುಗಿಯಿತು, ಆಮೇಲೆ ಏನೂ ಇಲ್ಲ.

ವ್ಯಾಪಾರಿ ಪೆಟ್ಟಿಗೆ ಬಿಚ್ಚಿದ. ಮುಳ್ಳು ಸ್ವಲ್ಪ ಓರೆಯಾದರೂ ಮೊದಲು ಕೆಡುವುದು ರೆಕಾರ್ಡಿನ ಕೊನೆಯ ಗೆರೆಗಳ ಸದ್ದೇ, ಇದು ಅವನಿಗೆ ಗೊತ್ತಿತ್ತು. ಓರೆ ತಿದ್ದಿದ. ಹೊಸ ಮುಳ್ಳು ತರಿಸಿದ. ಪೆಟ್ಟಿಗೆಯನ್ನು ಮೇಜಿನಿಂದ ತೆಗೆದು ಕಲ್ಲುಚಪ್ಪಡಿಯ ಮೇಲಿಟ್ಟ. ರೆಕಾರ್ಡು ತಿರುಗುತ್ತಿರುವಾಗ ಮನೆಯಲ್ಲಿ ಯಾರೂ ಓಡಾಡಬಾರದು ಎಂದ. ಮೊಮ್ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದವು. ಸಾರಿಗೆ ಒಗ್ಗರಣೆ ಹಾಕಬೇಕಾದರೂ ಹಾಡು ಮುಗಿಯಬೇಕಿತ್ತು.

ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಒಂದು ದಿನ ಎದುರಿಗೆ ಬಂದು ಹೇಳಿದಳು.

"ಮಾವ, ಅತ್ತೆ ಮಾತು ಚೆನ್ನಾಗೇ ಕೇಳಿಸ್ತಲ್ಲ."

"ನನ್ನ ಸಮಾಧಾನಕ್ಕೆ ಏನೇನೋ ಹೇಳಬೇಡಮ್ಮ. ಕಂಚಿನ ಬಿರುಕು ಹಿಡಿಯೋ ಕಿವಿಗೆ ಇದು ಕೇಳಿಸೊಲ್ವಾ?"

ಅವಳು ಒಳಗೆ ಹೋದಳು. ಮಾವನ ಎದುರು ವಾದಕ್ಕೆ ನಿಲ್ಲುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

ಅದೇ ಸುಮಾರಿಗೆ ಗಿರಾಕಿಯೊಬ್ಬ ತಂಬಿಗೆಯನ್ನು ಹಿಂದಕ್ಕೆ ತಂದ. ತಳದ ಬಿರುಕಿನಿಂದ ನೀರು ಜಿನುಗುತ್ತಿತ್ತು. ವ್ಯಾಪಾರಿ ಕಂಚುಗಾರರನ್ನು ಬೈದು ಬೇರೆ ಕಂಚುಗಾರರನ್ನು ಗೊತ್ತು ಮಾಡಿಕೊಂಡ. ಅವರ ಪಾತ್ರೆಗಳೂ ಹಿಂದಕ್ಕೆ ಬಂದವು. ಈಗಿನ ಕಂಚೇ ಸರಿಯಿಲ್ಲ ಎಂದ. ಅಷ್ಟು ಹೇಳಿದ ಮೇಲೆ ಮನುಷ್ಯನಿಗೆ ಯೋಚಿಸುವ ಕೆಲಸ ಉಳಿಯುವುದಿಲ್ಲ, ನೋಡು.

ಮುಳ್ಳು ಹೊತ್ತ ಕೋಲಿನ ಹಿಂದುಗಡೆ ಒಂದು ಗುಂಡು ಇರುತ್ತದೆ. ಮುಳ್ಳು ರೆಕಾರ್ಡಿನ ಮೇಲೆ ಎಷ್ಟು ಊರಬೇಕೆಂಬುದನ್ನು ಅದನ್ನು ಸರಿಸಿ ಗೊತ್ತು ಮಾಡುತ್ತಾರೆ. ಊರುವುದು ಕಡಿಮೆಯಾದರೆ ಮುಳ್ಳು ಹಾರುತ್ತದೆ, ಹೆಚ್ಚಾದರೆ ಗೆರೆ ಸವೆಯುತ್ತದೆ. ವ್ಯಾಪಾರಿ ಅದನ್ನು ಸರಿಸಿದ. ಮಾತು ಬಂತೇನೋ ಅನ್ನಿಸಿತು. ಇನ್ನಷ್ಟು ಸರಿಸಿದ. ಸರಿಸಲು ಜಾಗ ಮುಗಿದಾಗ ಮುಳ್ಳಿನ ತಲೆಯ ಮೇಲೆ ಒಂದು ನಾಣ್ಯ ಇಟ್ಟ. ಹಾರುವ ಮುಳ್ಳನ್ನು ಹಿಡಿದಿಡಲು ಆಗ ಜನ ಮಾಡುತ್ತಿದ್ದ ಉಪಾಯ ಅದು. ಅವನ ಮುಳ್ಳು ಹಾರುತ್ತಲೇ ಇರಲಿಲ್ಲ. ಆದರೂ ಇಟ್ಟ. ಅದರ ಮೇಲೆ ಇನ್ನೊಂದನ್ನಿಟ್ಟ. ರಜೆಯ ದಿನಕ್ಕೆ ಕಾಯುವುದನ್ನು ಬಿಟ್ಟು ದಿನವೂ ಹಾಕಿದ. ಕೊನೆಯ ಗೆರೆಗಳ ಮೇಲೆ ಮುಳ್ಳನ್ನು ಮತ್ತೆ ಮತ್ತೆ ಇಳಿಸಿದ.

ಅತ್ತೆಯ ದನಿ ದಿನದಿಂದ ದಿನಕ್ಕೆ ಒಡೆಯುತ್ತಿರುವುದು ಸೊಸೆಗೆ ಕೇಳಿಸುತ್ತಿತ್ತು. "ಆ ನಾಣ್ಯ ತೆಗೀರಿ ಮಾವ" ಎಂದು ಹಿಂದಿನಿಂದ ಹೇಳಿದಳು. ಅವನು ತಿರುಗಿಯೂ ನೋಡಲಿಲ್ಲ. ಕೋಪ ಮಾಡಿಕೊಂಡಿದ್ದಾರೆ ಎಂದುಕೊಂಡು ಅವಳು ಮತ್ತೆ ಹೇಳಲಿಲ್ಲ.

ಕೊನೆಗೆ ಅವನೇ ಸೋತು ಅವಳನ್ನು ಕರೆದ. ಪಕ್ಕದಲ್ಲಿ ಕೂರಿಸಿಕೊಂಡು ರೆಕಾರ್ಡು ಹಾಕಿದ. ಹಾಡು ಮುಗಿಯಿತು.

"ನಿಜ ಹೇಳಮ್ಮ. ಕೇಳಿಸ್ತಾ?"

ಅವಳ ಕಣ್ಣು ತುಂಬಿತು. ತಲೆ ತಗ್ಗಿಸಿಕೊಂಡೇ ಹೇಳಿದಳು. "ಮೊನ್ನೆ ಮೊನ್ನೆವರೆಗೂ ಕೇಳಿಸ್ತಿತ್ತು ಮಾವ. ಈಗ ನನಗೂ ಕೇಳಿಸ್ತಿಲ್ಲ."

"ಏನಂದೆ?" ಎಂದ ವ್ಯಾಪಾರಿ.

ಅವಳು ಅವನ ಕಿವಿಯ ಹತ್ತಿರ ಬಾಗಿ ಅದನ್ನೇ ಗಟ್ಟಿಯಾಗಿ ಇನ್ನೊಮ್ಮೆ ಹೇಳಬೇಕಾಯಿತು.

ಅವನು ಮುಳ್ಳಿನ ಮೇಲಿನ ನಾಣ್ಯಗಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಕೂತ. ಆಮೇಲೆ ನೀರು ತುಂಬಿ ಸಮ ನೋಡುತ್ತಿದ್ದ ಆ ಕಂಚಿನ ಬಟ್ಟಲನ್ನು ಎಳೆದುಕೊಂಡು, ಬೆರಳ ಗೆಣ್ಣಿನಿಂದ ತಟ್ಟಿ, ತಲೆ ಓರೆ ಮಾಡಿದ. ಸೊಸೆಗೆ ಅದರ ನಾದ ಇನ್ನೂ ಕೇಳಿಸುತ್ತಿತ್ತು. ಅವನು ಅಷ್ಟರಲ್ಲೇ ಮತ್ತೊಮ್ಮೆ ತಟ್ಟಿದ. ಆ ಮನುಷ್ಯನನ್ನು ನೆನೆದರೆ ನನಗೆ ಮರುಕವಾಗುತ್ತದೆ.

ಸ್ವಾಮಿಗಳು ಕತೆ ನಿಲ್ಲಿಸಿದರು. ಕರಿಬಸವನಿಗೆ ಸಿಟ್ಟು ಬಂದಿತ್ತು.

"ಎಂಥ ಮನುಷ್ಯ, ಬುದ್ಧಿ! ಸೊಸೆ ಹೇಳಿದಾಗ ಒಂದು ಸಲ ನಂಬಿದ್ದರೆ ಅವನ ಗಂಟು ಏನು ಹೋಗುತ್ತಿತ್ತು? ಆ ತಾಯಿಯ ಮಾತಾದರೂ ಉಳಿಯುತ್ತಿತ್ತು."

ಸ್ವಾಮಿಗಳು ಅವನ ಕಡೆ ತಿರುಗಿ ಹೇಳಿದರು.

"ರೇವಮ್ಮನ ಹಾಡಿನಲ್ಲಿ ಭಕ್ತಿ ನನಗೆ ಇವತ್ತು ಬೆಳಿಗ್ಗೆಯೂ ಕೇಳಿಸಿತು."