ಕಾಲು ಚಮಚ ಸಕ್ಕರೆ

"ಗುರುಗಳೇ, ನನ್ನ ತಪ್ಪು ತೋರಿಸಿ ಎಂದು ಕಂಡವರನ್ನೆಲ್ಲ ಕೇಳುತ್ತೇನೆ. ಎಲ್ಲರೂ ಹೊಗಳಿಯೇ ಕಳಿಸುತ್ತಾರೆ. ಇದೇಕೆ ಹೀಗೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಹೆಂಗಸು ಕಾಫಿ ಅಂಗಡಿ ಇಟ್ಟುಕೊಂಡಿದ್ದಳು. ಎದುರು ಸಾಲಿನ ಬಟ್ಟೆ ವ್ಯಾಪಾರಿ ದಿನಕ್ಕೆ ಮೂರು ಸಲ ಅಲ್ಲಿಗೆ ಬರುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಬಂತು. ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಗಿ, ಅದು ಮಾಯಲೊಲ್ಲದಾಯಿತು. ವೈದ್ಯರು ಎಚ್ಚರಿಸಿದರು.

ಮರುದಿನ ವ್ಯಾಪಾರಿ ಅಂಗಡಿಗೆಲ್ಲ ಕೇಳುವಂತೆ ಹೇಳಿದ: "ನೋಡಮ್ಮ, ಇನ್ನು ಮೇಲೆ ನನಗೆ ಕೆನೆ ತೆಗೆದ ಹಾಲು, ಕಾಲು ಚಮಚ ಸಕ್ಕರೆ. ಇದು ನನ್ನ ಪ್ರಾಣದ ಮಾತು."

ಅವಳಿಗೆ ಕನಿಕರವಾಯಿತು. ಅವನಿಗೆಂದೇ ಬೇರೆ ಪಾತ್ರೆಯಲ್ಲಿ ಹಾಲು ಕಾಯಿಸಿ, ಕೆನೆ ತೆಗೆದು, ಸಕ್ಕರೆ ಅಳೆದು ಹಾಕಿ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. ಡಿಕಾಕ್ಷನ್ ಸುಟ್ಟಿದೆ ಎಂದು ಲೋಟ ಹಿಂದಕ್ಕೆ ಕಳಿಸಿದ. ಹೊಸದಾಗಿ ಇಳಿಸಿದಳು. ಹಾಲು ನೀರಾಗಿದೆ ಎಂದ. ಹಾಲು ಬದಲಿಸಿದಳು. ಪುಡಿ ಹಳೆಯದು ಎಂದ. ಸಕ್ಕರೆ ಸಾಲದು ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ. ಹತ್ತು ದಿನ ಹೀಗೇ ನಡೆಯಿತು. ಅವಳ ಕೈಯೇ ಕೆಟ್ಟಿತು ಎಂದು ಬೇರೆ ಗಿರಾಕಿಗಳ ಮುಂದೆ ಆಡಿಕೊಳ್ಳತೊಡಗಿದ.

ಹನ್ನೊಂದನೆಯ ದಿನ ಅವಳಿಗೆ ತಲೆ ಚಿಟ್ಟು ಹಿಡಿಯಿತು. ಗಟ್ಟಿ ಹಾಲಿನ ಕಾಫಿಗೆ ಎರಡು ಚಮಚ ಸಕ್ಕರೆ ಸುರಿದು ಲೋಟವನ್ನು ಅವನ ಮುಂದೆ ಕುಕ್ಕಿದಳು. ಅವನು ಕುಡಿದ. ಮುಖ ಅರಳಿತು.

"ಮನಸ್ಸಿಟ್ಟರೆ ಕಾಲು ಚಮಚದಲ್ಲೂ ರುಚಿ ಬರುತ್ತದೆ, ಕಂಡೆಯಾ?" ಎಂದ.

ಅವಳು ಹೇಳಲೆಂದು ಬಾಯಿ ತೆರೆದಳು. ಹೇಳಿದರೆ ನಾಳೆಯಿಂದ ಮತ್ತೆ ಅದೇ ರಗಳೆ ಎನ್ನಿಸಿ ಸುಮ್ಮನಾದಳು. ಅಂದಿನಿಂದ ಅವನು ಕಾಲು ಚಮಚ ಕೇಳುತ್ತಿದ್ದ, ಅವಳು ಎರಡು ಚಮಚ ಹಾಕುತ್ತಿದ್ದಳು. ಅವನು ಹೊಗಳಿದಷ್ಟೂ ಅವಳಿಗೆ ರೇಗುತ್ತಿತ್ತು. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ವೈದ್ಯರು ಹೆಬ್ಬೆರಳನ್ನು ತೆಗೆದುಹಾಕಿದರು. ವ್ಯಾಪಾರಿ ಕೋಲೂರಿಕೊಂಡು ಬಂದು, ಇಷ್ಟು ಪಥ್ಯ ಮಾಡಿದರೂ ಹೀಗಾಯಿತಲ್ಲ ಎಂದು ಕಣ್ಣೀರಿಟ್ಟ. ಅವಳಿಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿಬಿಟ್ಟಳು.

"ಕೇಳಿದ್ದನ್ನು ಕೊಡುವುದಕ್ಕೆ ನಿನಗೇನು ಕಷ್ಟವಿತ್ತು?" ಎಂದ ಅವನು.

"ಹತ್ತು ದಿನ ಕೊಟ್ಟೆ, ಸಾಹುಕಾರರೇ. ನೀವು ಬಾಯಲ್ಲಿ ಕೇಳಿದ್ದನ್ನು ನಿಮ್ಮ ನಾಲಗೆ ವಾಪಸು ಕಳಿಸುತ್ತಿತ್ತು. ನನಗೂ ಸಾಕಾಗಿ ಹೋಯಿತು."

ವ್ಯಾಪಾರಿ ಸಿಟ್ಟಿನಿಂದ ಎದ್ದು ಪಕ್ಕದ ಬೀದಿಯ ಅಂಗಡಿಗೆ ಹೋದ. ಅಲ್ಲಿ ಸಕ್ಕರೆ ಕಮ್ಮಿ ಕಾಫಿ ಕೇಳಿದ. ಅದೂ ಅವನಿಗೆ ಹಿಡಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ವ್ಯಾಪಾರಿಯದು ತಪ್ಪೇ. ಆದರೆ ಅವಳದು ಇನ್ನೂ ದೊಡ್ಡ ತಪ್ಪು. ಅವನು ಎಷ್ಟೇ ಕಿರಿಕಿರಿ ಮಾಡಿದರೂ ಅವಳು ಸಕ್ಕರೆ ಹಾಕಬಾರದಿತ್ತು" ಎಂದ.

"ನಿಜ," ಎಂದರು ಗುರುಗಳು. "ನಾನೂ ಮೂರು ವರ್ಷದಿಂದ ನಿನ್ನನ್ನು ಹೊಗಳಬಾರದಿತ್ತು."