ಎಡಗಂಬದ ಬಳಿ ನಿಂತವನು

ಕಾರವಾರದ ಒಂದು ಕಾಲೇಜಿನಲ್ಲಿ ಆಗ್ನೆಲ್ ಎಂಬ ಫುಟ್‌ಬಾಲ್ ಆಟಗಾರನಿದ್ದ. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಾಳಿಗಳಿಗೆ ದಿಕ್ಕೇ ತೋಚುತ್ತಿರಲಿಲ್ಲ. ಪಂದ್ಯವಿದ್ದ ದಿನ ಊರಿನ ಅರ್ಧ ಜನ ಮೈದಾನದಲ್ಲಿರುತ್ತಿದ್ದರು. ಬಸ್ಸಿನಲ್ಲಿ ಹೋದರೆ ಕಂಡಕ್ಟರನೇ ಎದ್ದು ಸೀಟು ಬಿಟ್ಟುಕೊಡುತ್ತಿದ್ದ. ಹೀಗೆ ಎಲ್ಲರೂ ಹೊಗಳಿ ಹೊಗಳಿ, ಆ ಹೊಗಳಿಕೆ ಕಾಲಿನಿಂದ ತಲೆಗೆ ಏರಿತು.

ಗೋಲು ಹೊಡೆದರೆ ಅದು ತನ್ನದು, ಗೋಲು ಬಿದ್ದರೆ ಅದು ಬೇರೆಯವರದು. ಇದು ಆಗ್ನೆಲ್‌ನ ಲೆಕ್ಕ. ಕೋಚ್ ಬಾನಾವಳಿಕರ ಮಾಸ್ತರು ಎಷ್ಟೋ ಸಲ ಹೇಳಿದ್ದರು: "ಮುಂದೆ ಓಡುವುದು ನಿನಗೆ ಗೊತ್ತಿದೆಯಪ್ಪ. ಒಮ್ಮೊಮ್ಮೆ ಹಿಂದೆಯೂ ತಿರುಗಿ ನೋಡು. ಅಲ್ಲಿ ಹತ್ತು ಜನ ಇದ್ದಾರೆ." ಅವನು ತಲೆಯಾಡಿಸುತ್ತಿದ್ದ. ಕಿವಿಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ.

ಆ ವರ್ಷ ತಂಡ ಅಂತರ್ ಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿತು. ಗೋಲ್‌ಕೀಪರ್ ಆಗಿದ್ದವನು ದೇವಿದಾಸ ತಾಂಡೇಲ, ಮೊದಲ ವರ್ಷದ ಹುಡುಗ. ಮಾತು ಕಡಿಮೆ, ಕೈ ಚುರುಕು. ಆದರೆ ಆ ದಿನ ಕೊನೆಯ ನಿಮಿಷದಲ್ಲಿ ಒದ್ದೆ ಚೆಂಡು ಅವನ ಕೈಯಿಂದ ಜಾರಿತು. ಜಾರಿದ ಚೆಂಡು ಗೋಲಿನೊಳಗೆ ಉರುಳಿತು. ತಂಡ ಸೋತಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ದೇವಿದಾಸ ಎಲ್ಲರ ಮುಂದೆ ನಿಂತು, "ತಪ್ಪಾಯ್ತು," ಎಂದ. ಆಗ್ನೆಲ್ ಅವನ ಮೇಲೆ ಎಗರಿ ಹೋದ. "ನಿನ್ನಂಥವನನ್ನು ಯಾರೋ ಆಟಕ್ಕೆ ಕರೆದದ್ದು?" ಎಂದು ಎರಡೂ ಕೈಯಿಂದ ಬಲವಾಗಿ ತಳ್ಳಿದ. ದೇವಿದಾಸ ಹಿಂದಕ್ಕೆ ಬಿದ್ದ. ಎಡ ಭುಜ ಸಿಮೆಂಟಿನ ಕಟ್ಟೆಗೆ ಬಡಿಯಿತು. ಮೂಳೆ ಮುರಿದ ಸದ್ದು ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು.

ಮಾಸ್ತರು ಆಗ್ನೆಲ್‌ನನ್ನು ತಂಡದಿಂದ ತೆಗೆದರು. "ಅವನ ಮನೆಗೆ ಹೋಗು, ಕ್ಷಮೆ ಕೇಳು. ಆಮೇಲೆ ನೋಡೋಣ," ಎಂದರು. ಆಗ್ನೆಲ್ ಹೋಗಲಿಲ್ಲ. ಕಾಲು ಜಾರಿ ಅವನೇ ಬಿದ್ದ ಎಂದು ಊರಿಗೆಲ್ಲ ಹೇಳಿದ. "ನಾನಿಲ್ಲದೆ ಇವರ ತಂಡ ಹೇಗೆ ನಡೆಯುತ್ತದೆ ನೋಡುತ್ತೇನೆ," ಎಂದು ಸವಾಲು ಹಾಕಿ, ಓದನ್ನೂ ಅರ್ಧಕ್ಕೆ ಬಿಟ್ಟು ಹೊರಬಿದ್ದ.

ತಂಡ ನಡೆಯಿತು. ನಡೆಯದೆ ಹೋದವನು ಆಗ್ನೆಲ್.

ಮೊದಮೊದಲು ಗೆಳೆಯರು ಕರೆದು ಕುಡಿಸಿದರು. "ಎಂಥಾ ಆಟ ಮಾರಾಯ ನಿನ್ನದು!" ಎನ್ನುತ್ತ ಗ್ಲಾಸು ತುಂಬಿದರು. ಹಳೆಯ ಗೋಲುಗಳ ಕಥೆ ಹಳಸಿದ ಮೇಲೆ ಅವರೂ ಬರಲಿಲ್ಲ, ಕುಡಿತ ಮಾತ್ರ ಉಳಿಯಿತು. ಬಂದರಿನಲ್ಲಿ ಐಸ್ ಪೆಟ್ಟಿಗೆ ಹೊರುವ ಕೆಲಸ ಸಿಕ್ಕಿತ್ತು, ಅದಕ್ಕೂ ಸರಿಯಾಗಿ ಹೋಗಲಿಲ್ಲ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅಕ್ಕ ಫಿಲೋಮಿನಾ ಅವನ ತಟ್ಟೆಗೆ ಅನ್ನ ಬಡಿಸಿ ಒಳಗೆ ಹೋಗುತ್ತಿದ್ದಳು. ಹೀಗೆ ಎರಡು ವರ್ಷ ಕಳೆಯಿತು.

ಒಂದು ಸಂಜೆ ಆಗ್ನೆಲ್ ಕುಡಿದು ಕಾಲೇಜಿನ ಮೈದಾನದ ದಾರಿಯಲ್ಲಿ ಬರುತ್ತಿದ್ದ. ಒಳಗೆ ಹುಡುಗರು ಪ್ರಾಕ್ಟೀಸ್ ಮಾಡುತ್ತಿದ್ದರು. ಚೆಂಡಿಗೆ ಕಾಲು ತಾಗುವ ಸದ್ದು ಕೇಳಿ ಅವನಿಗೆ ತಡೆಯಲಾಗಲಿಲ್ಲ. ನಡು ಮೈದಾನಕ್ಕೇ ನುಗ್ಗಿದ. "ಕೊಡ್ರೋ ಇಲ್ಲಿ, ಆಟ ಅಂದ್ರೇನು ಅಂತ ತೋರಿಸ್ತೇನೆ!" ಎಂದು ಕೂಗಿದ. ಒಬ್ಬ ಹುಡುಗ ಹೆದರಿ ಚೆಂಡು ಕೊಟ್ಟ. ಆಗ್ನೆಲ್ ಓಡಿಬಂದು ಒದ್ದ. ಕಾಲು ಚೆಂಡಿಗೆ ತಾಗಲೇ ಇಲ್ಲ. ದೊಪ್ಪೆಂದು ಕೆಳಗೆ ಬಿದ್ದ.

ಹುಡುಗರು ನಕ್ಕಿದ್ದರೆ ಅವನು ಜಗಳ ತೆಗೆದು ಹೊರಟುಹೋಗುತ್ತಿದ್ದನೇನೋ. ಯಾರೂ ನಗಲಿಲ್ಲ. ಗೋಲಿನ ಕಡೆಯಿಂದ ಒಬ್ಬ ನಡೆದು ಬಂದು ಬಲಗೈ ನೀಡಿದ. "ಏಳು," ಎಂದ. ಆಗ್ನೆಲ್ ತಲೆಯೆತ್ತಿ ನೋಡಿದ. ದೇವಿದಾಸ. ಈಗ ಅವನೇ ತಂಡದ ಕ್ಯಾಪ್ಟನ್.

ಆಗ್ನೆಲ್‌ನನ್ನು ಎಬ್ಬಿಸಿ ಬದಿಯ ಕಲ್ಲುಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ದೇವಿದಾಸ ಆಟಕ್ಕೆ ಮರಳಿದ. ಆಗ್ನೆಲ್ ಸುಮ್ಮನೆ ನೋಡುತ್ತ ಕೂತ. ಬಲಗಡೆ ಬಂದ ಚೆಂಡನ್ನೆಲ್ಲ ದೇವಿದಾಸ ಹಾರಿ ಹಿಡಿಯುತ್ತಿದ್ದ. ಎಡಗಡೆ ಎತ್ತರಕ್ಕೆ ಬಂದರೆ ಮಾತ್ರ ಅವನ ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಚೆಂಡು ಆ ಕೈಯ ಮೇಲಿನಿಂದ ಹೋಗುತ್ತಿತ್ತು. ಪ್ರತಿ ಸಲವೂ ಅವನು ಏನೂ ಆಗದವನಂತೆ ಹೋಗಿ ಚೆಂಡು ಹೆಕ್ಕಿ ತರುತ್ತಿದ್ದ.

ಕುಡಿದದ್ದೆಲ್ಲ ಆಗ್ನೆಲ್‌ಗೆ ಅಲ್ಲೇ ಇಳಿಯಿತು. ಎರಡು ವರ್ಷ ಅವನು ತನ್ನ ನಷ್ಟವನ್ನೇ ನೆನೆದು ಕುಡಿದಿದ್ದ. ಇನ್ನೊಬ್ಬನಿಗೆ ಏನಾಯಿತೆಂದು ಅವನು ನೋಡಿದ್ದು ಅದೇ ಮೊದಲು.

ಮನೆಗೆ ಹೋಗಿ ಅಕ್ಕನ ಮುಂದೆ ಕೂತ. "ಇನ್ನು ಕುಡಿಯುವುದಿಲ್ಲ," ಎಂದ.

"ನನಗೆ ಹೇಳಬೇಡ," ಎಂದಳು ಫಿಲೋಮಿನಾ. "ಬೆಳಿಗ್ಗೆ ಬೇಗ ಎದ್ದು ತೋರಿಸು."

ಎದ್ದ. ಸಮುದ್ರದಂಡೆಯಲ್ಲಿ ಓಡಲು ಹೋದ, ಅರ್ಧ ದಾರಿಗೇ ವಾಂತಿ ಮಾಡಿಕೊಂಡ. ಮರುದಿನ ಮತ್ತೆ ಹೋದ. ಎರಡು ಸಲ ಮಾತು ತಪ್ಪಿದ, ಎರಡು ಸಲವೂ ಅಕ್ಕನೆದುರು ತಾನೇ ಒಪ್ಪಿಕೊಂಡು ಮತ್ತೆ ಶುರು ಮಾಡಿದ. ಬಂದರಿನ ಕೆಲಸಕ್ಕೆ ನೆಟ್ಟಗೆ ಹೋಗತೊಡಗಿದ. ಮಳೆಗಾಲ ಬಂದು ಹೋಯಿತು. ಅರ್ಧಕ್ಕೆ ಬಿಟ್ಟಿದ್ದ ಓದಿಗೆ ಕಾಲೇಜಿನಲ್ಲಿ ಮತ್ತೆ ಹೆಸರು ಹಚ್ಚಿಸಿ, ಬಾನಾವಳಿಕರ ಮಾಸ್ತರ ಮುಂದೆ ಹೋಗಿ ನಿಂತ.

"ಸರ್, ಇನ್ನೊಂದು ಅವಕಾಶ ಕೊಡಿ."

ಮಾಸ್ತರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನನ್ನ ಭುಜ ಚೆನ್ನಾಗಿಯೇ ಇದೆಯಲ್ಲ ಆಗ್ನೆಲ್. ಅವಕಾಶ ಕೇಳಬೇಕಾದ ಮನೆ ಬೇರೆ."

ದೇವಿದಾಸನ ಮನೆ ಸಮುದ್ರದ ಬದಿಯಲ್ಲಿತ್ತು. ಅವನ ತಾಯಿ ಸುಲೋಚನಾ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಬಂದವನು ಯಾರೆಂದು ತಿಳಿದೊಡನೆ ಎದ್ದು ನಿಂತಳು.

"ಈಗ ನೆನಪಾಯ್ತಾ ದಾರಿ? ನನ್ನ ಮಗನಿಗೆ ಅಂಗಿ ಹಾಕಿದ್ದು ನಾನು, ತಲೆ ಬಾಚಿದ್ದು ನಾನು. ಅವನ ಒಂದು ವರ್ಷದ ಓದೂ ಹೋಯಿತು. ರಾತ್ರಿ ಮಗ್ಗುಲು ಬದಲಿಸಲಾಗದೆ ಆ ಹುಡುಗ ಹಲ್ಲು ಕಚ್ಚಿ ಅಳುತ್ತಿದ್ದ. ಆಗ ಎಲ್ಲಿ ಹೋಗಿದ್ದೆ ನೀನು?"

"ಕುಡಿಯುತ್ತಿದ್ದೆ, ಮಾವಶಿ," ಎಂದ ಆಗ್ನೆಲ್. ಬೇರೆ ನೆವ ಹೇಳಲಿಲ್ಲ. ಅಂಗಳದ ಮರಳಿನ ಮೇಲೆ ಮಂಡಿಯೂರಿದ. "ತಳ್ಳಿದವನು ನಾನೇ. ಕಾಲು ಜಾರಿ ತಾನೇ ಬಿದ್ದ ಅಂತ ಊರಿಗೆಲ್ಲ ಹೇಳಿದವನೂ ನಾನೇ. ನೀವು ಬೈಯುವುದೆಲ್ಲ ಸರಿ. ಕ್ಷಮಿಸಬೇಕೆಂದು ಹಟ ಮಾಡಲು ಬಂದಿಲ್ಲ. ಮಾಡಿದ್ದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳದೆ ಇರಲು ಆಗಲಿಲ್ಲ."

ಸುಲೋಚನಾ ಮುಖ ತಿರುಗಿಸಿ ಒಳಗೆ ಹೋದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ದೇವಿದಾಸ ಹೊರಗೆ ಬಂದ.

"ಆಡಲು ಆಸೆ ಇದೆಯಾ?"

"ಇದೆ. ನೀನು ಬೇಡ ಎಂದರೆ ಇಲ್ಲ."

ದೇವಿದಾಸ ಬಲಗೈ ನೀಡಿ ಅವನನ್ನು ಎಬ್ಬಿಸಿದ. "ಫಾರ್ವರ್ಡ್ ಜಾಗದಲ್ಲಿ ಹುಡುಗರಿದ್ದಾರೆ. ಎಡಗಡೆ ಎತ್ತರಕ್ಕೆ ಬಂದ ಚೆಂಡು ನನ್ನ ಕೈಗೆ ಎಟುಕುವುದಿಲ್ಲ. ಅಲ್ಲಿ ಒಬ್ಬ ಡಿಫೆಂಡರ್ ಬೇಕು. ಗೋಲಿನಲ್ಲಿ ನನ್ನ ಎಡಗಂಬದ ಬಳಿ ನಿಲ್ಲುತ್ತೀಯಾ?"

ಗೋಲು ಹೊಡೆದು ಹೆಸರಾದವನಿಗೆ ಗೋಲು ಕಾಯುವ ಕೆಲಸ! ಹಳೆಯ ಆಗ್ನೆಲ್ ಆಗಿದ್ದರೆ ನಕ್ಕುಬಿಡುತ್ತಿದ್ದ. ಈ ಆಗ್ನೆಲ್ ನಗಲಿಲ್ಲ. ತನ್ನ ಕೈಯಿಂದ ಆದ ಕೊರತೆಯನ್ನು ತುಂಬಲು ದೇವಿದಾಸನೇ ಜಾಗ ಮಾಡಿಕೊಡುತ್ತಿದ್ದಾನೆ. ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? "ನಿಲ್ಲುತ್ತೇನೆ," ಎಂದ.

ಆ ವರ್ಷ ಪೂರ್ತಿ ಆಗ್ನೆಲ್ ಅಲ್ಲೇ ಆಡಿದ. ಒಂದು ಗೋಲನ್ನೂ ಹೊಡೆಯಲಿಲ್ಲ. ನೋಡಲು ಬಂದವರು ಗೊಣಗಿದರು: "ಓಡುವ ಕುದುರೆಯನ್ನು ಬಾಗಿಲಿಗೆ ಕಟ್ಟಿಹಾಕಿದ್ದಾರೆ." ಅವನು ಮಾತ್ರ ಪಂದ್ಯ ಮುಗಿದ ಮೇಲೆ ಪ್ರತಿಯೊಬ್ಬನ ಹತ್ತಿರ ಹೋಗಿ ಕೈ ಹಿಡಿದು ಬರುತ್ತಿದ್ದ. ಮೊದಲು ಸಂಕೋಚಪಡುತ್ತಿದ್ದ ಹುಡುಗರು ಬರಬರುತ್ತ ಅವನ ಪಕ್ಕದಲ್ಲೇ ಕೂತು ಅವಲಕ್ಕಿ ತಿನ್ನತೊಡಗಿದರು.

ತಂಡ ಮತ್ತೆ ಫೈನಲ್‌ಗೆ ಬಂತು. ಎರಡೂ ಕಡೆ ಒಂದೊಂದು ಗೋಲು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿತ್ತು. ಆಗ ಕಾರವಾರದವರಿಗೆ ಕಾರ್ನರ್ ಸಿಕ್ಕಿತು. ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಆಗ್ನೆಲ್‌ನನ್ನು ಮೀರಿಸಿದವರಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಮೈದಾನದ ಸುತ್ತಲಿಂದ ಒಂದೇ ಕೂಗು ಎದ್ದಿತು: "ಆಗ್ನೆಲ್, ಮುಂದೆ ಹೋಗು! ಹೋಗೋ ಆಗ್ನೆಲ್!"

ಎಷ್ಟೋ ದಿನಗಳ ಮೇಲೆ ತನ್ನ ಹೆಸರಿನ ಕೂಗು. ಅವನ ಕಾಲು ತಾನಾಗಿಯೇ ಮುಂದೆ ಓಡಿತು. ಒಂದು ಹೆಡ್ ಸಾಕು, ಮತ್ತೆ ಊರಿಗೆಲ್ಲ ಅವನೇ ರಾಜ. ಮೈದಾನದ ನಡುಗೆರೆಯವರೆಗೆ ಹೋದವನು ಅಲ್ಲಿ ತಿರುಗಿ ನೋಡಿದ. ದೂರದಲ್ಲಿ ದೇವಿದಾಸ ಒಬ್ಬನೇ ನಿಂತಿದ್ದ. ಅವನು ಆಗ್ನೆಲ್‌ನನ್ನು ಬಾ ಎಂದು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಆಗ್ನೆಲ್ ಪಕ್ಕದ ಹುಡುಗನಿಗೆ, "ನಿತೇಶ, ನೀನು ಹೋಗು, ನಾನು ಹಿಂದೆ ಇರುತ್ತೇನೆ," ಎಂದು ಹೇಳಿ ತನ್ನ ಜಾಗಕ್ಕೆ ಓಡಿದ. ನೋಡುತ್ತಿದ್ದವರು ಹೋ ಎಂದು ಬೇಸರದಿಂದ ಕೂಗಿದರು.

ಕಾರ್ನರ್ ಕೈಕೊಟ್ಟಿತು. ಎದುರಾಳಿಗಳು ಚೆಂಡನ್ನು ಉದ್ದಕ್ಕೆ ಒದ್ದರು. ಅವರ ಫಾರ್ವರ್ಡ್ ಬಾಣದಂತೆ ಓಡಿಬಂದ. ದೇವಿದಾಸ ಮುಂದೆ ಬಂದು ಅಡ್ಡ ನಿಂತ. ಆ ಹುಡುಗ ಜಾಣ, ಚೆಂಡನ್ನು ಅವನ ಎಡ ಭುಜದ ಮೇಲಿನಿಂದ ಮೆಲ್ಲಗೆ ಎತ್ತಿ ಹಾಕಿದ. ದೇವಿದಾಸನ ಕೈ ಎದ್ದಿತು, ಅರ್ಧಕ್ಕೆ ನಿಂತಿತು. ಚೆಂಡು ಗೋಲಿನೊಳಗೆ ಇಳಿಯುತ್ತಿತ್ತು. ಅಷ್ಟರಲ್ಲಿ ಎಡಗಂಬದ ಬಳಿಯಿಂದ ಆಗ್ನೆಲ್ ಮೇಲಕ್ಕೆ ಚಿಮ್ಮಿದ. ಅವನ ಹಣೆಗೆ ತಾಗಿದ ಚೆಂಡು ಮೈದಾನದ ಹೊರಗೆ ಹೋಗಿ ಬಿತ್ತು. ಅವನು ಕಂಬಕ್ಕೆ ಬಡಿದು ಕೆಳಗೆ ಬಿದ್ದ.

ಹೆಚ್ಚುವರಿ ಸಮಯದಲ್ಲಿ ನಿತೇಶ ಗೋಲು ಹೊಡೆದ. ಕಪ್ ಕಾರವಾರದ ತಂಡಕ್ಕೆ ಸಿಕ್ಕಿತು. ಹುಡುಗರು ನಿತೇಶನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆಗ್ನೆಲ್ ಹುಬ್ಬಿನ ಮೇಲೆ ಪಟ್ಟಿ ಕಟ್ಟಿಸಿಕೊಂಡು ಹುಲ್ಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ದೇವಿದಾಸ ಬಂದು ಪಕ್ಕದಲ್ಲಿ ಕೂತ.

"ಯಾಕೆ ಮಾರಾಯ? ತುಂಬಾ ನೋಯ್ತಿದೆಯಾ?"

"ಇಲ್ಲ," ಎಂದ ಆಗ್ನೆಲ್. "ಹಿಂದೆ ಗೋಲು ಹೊಡೆದಾಗ ಜನ ನನ್ನ ಹೆಸರು ಕೂಗುತ್ತಿದ್ದರು. ಅದು ನನಗೆ ಬರಬೇಕಾದದ್ದು ಅಂದುಕೊಳ್ಳುತ್ತಿದ್ದೆ. ಇವತ್ತು ಯಾರೂ ಕೂಗುತ್ತಿಲ್ಲ. ಆದರೂ ಈ ಹುಲ್ಲು, ಈ ಜೆರ್ಸಿ, ಈ ಹುಡುಗರು, ನೀನು... ಇದರಲ್ಲಿ ಒಂದೂ ನನಗೆ ಬರಬೇಕಾದದ್ದಲ್ಲ ದೇವಿದಾಸ. ಎಲ್ಲ ನೀವು ಕೊಟ್ಟದ್ದು."

"ಎದ್ದೇಳು," ಎಂದ ದೇವಿದಾಸ, "ಅಮ್ಮ ಊಟಕ್ಕೆ ಕರೆದುಕೊಂಡು ಬಾ ಎಂದಿದ್ದಾಳೆ. ಬಾಂಗಡೆ ಸಾರು ಮಾಡಿದ್ದಾಳಂತೆ. ಇನ್ನೂ ನಿನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಡಿಸುವುದಂತೂ ಬಡಿಸುತ್ತಾಳೆ."

ಆಗ್ನೆಲ್ ಅಳುತ್ತಲೇ ನಕ್ಕ. ಇಬ್ಬರೂ ಎದ್ದು ಹೊರಟರು.

ನೀತಿ: ತಪ್ಪು ಮಾಡಿದವನು ಮರಳಿ ಹೋಗಬೇಕಾದದ್ದು ತಾನು ಮೆರೆದ ಜಾಗಕ್ಕಲ್ಲ, ತನ್ನಿಂದ ನೊಂದವರ ಬಾಗಿಲಿಗೆ. ಅವರು ತೋರಿಸಿದ ಜಾಗ ಎಷ್ಟೇ ಚಿಕ್ಕದಾಗಿರಲಿ, ಅಲ್ಲಿ ಕೃತಜ್ಞತೆಯಿಂದ ನಿಲ್ಲಬೇಕು. ಕಳೆದುಹೋದ ಮಾನ ಮತ್ತೆ ಹುಟ್ಟುವುದು ಅಲ್ಲಿಯೇ.