ಇಪ್ಪೆ ನೀರು ಕುಡಿದ ಕರಡಿಯ ಮರುದಿನ

೧೯೭೪, ಏಪ್ರಿಲ್ ೧೯, ಶುಕ್ರವಾರ. ನನ್ನ ದಿನಚರಿಯ ಆ ಪುಟದಲ್ಲಿ ಹೀಗೆ ಬರೆದಿದ್ದೇನೆ:

"ಬೆಳಿಗ್ಗೆ ಎಂಟೂವರೆ. ಮೈದುನ ಓಬಳೇಶ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದಾನೆ. ನಿನ್ನೆ ಗೆಳೆಯನ ನಿಶ್ಚಿತಾರ್ಥದಲ್ಲಿ ಕುಡಿದದ್ದು ಹೆಚ್ಚಾಗಿದೆ. ಈವರೆಗೆ ನಾಲ್ಕು ಚೊಂಬು ನೀರು. ಇವತ್ತು ಗುಡ್ಡಕ್ಕೆ ಕರೆದೊಯ್ದು ಕರಡಿ ತೋರಿಸುತ್ತೇನೆಂದು ಪದ್ಮಾಕ್ಷಿಗೆ ಮಾತು ಕೊಟ್ಟಿದ್ದ. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ."

ಪದ್ಮಾಕ್ಷಿ ನನ್ನ ಮಗಳು. ಆಗ ಅವಳಿಗೆ ಆರು ವರ್ಷ. "ನಿನ್ನೆ ಕುಡಿದದ್ದಕ್ಕೆ ಚಿಕ್ಕಪ್ಪಂಗೆ ಇವತ್ತು ಯಾಕಮ್ಮ ನೋವು?" ಎಂದಳು.

ನಾನು ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು, ಉತ್ತರ ಗೊತ್ತಿತ್ತು. ಆರು ವರ್ಷದವಳಿಗೆ ಹೇಳುವ ಭಾಷೆ ಮಾತ್ರ ಬೇರೆ. ಓಬಳೇಶನಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಶುರುಮಾಡಿದೆ.

"ಮೆಲ್ಲಗೆ ಅತ್ತಿಗೆ, ಮೆಲ್ಲಗೆ" ಎಂದು ಅವನು ಕಿವಿ ಮುಚ್ಚಿಕೊಂಡ. ನಾನು ಹೇಳಿದ ಕತೆ ಇದು.

ಲೋಕ ಇನ್ನೂ ಹೊಸದಾಗಿತ್ತು. ಗುಡ್ಡಗಳ ಮಣ್ಣು ಇನ್ನೂ ಹಸಿ. ನೆರಳುಗಳಿಗೆ ತಾವು ಎಲ್ಲಿ ಬೀಳಬೇಕೆಂದು ಸರಿಯಾಗಿ ತಿಳಿದಿರಲಿಲ್ಲ. ಆಗ ಬಯಲಿನಲ್ಲಿ ಒಂದೇ ಒಂದು ಕೆರೆಯಿತ್ತು. ಎಲ್ಲ ಪ್ರಾಣಿಗಳಿಗೂ ಅದೇ ಕೆರೆ.

ಆ ಕೆರೆಗೆ ಕರಡಿಯೇ ನೀರುಗಂಟಿ. ಕೆರೆಯ ತೂಬು ತೆರೆದು ನೀರು ಬಿಡುವವನು, ಮುಚ್ಚಿ ನೀರು ಉಳಿಸುವವನು. ತೂಬಿಗೆ ಮುಚ್ಚಿದ ಕಲ್ಲನ್ನು ಎತ್ತುವ ಬಲ ಅವನ ಕೈಗೆ ಮಾತ್ರ ಇತ್ತು. ದಿನಾ ಸಂಜೆ, ಬಿಸಿಲು ಇಳಿಯುತ್ತಲೇ, ಕರಡಿ ತೂಬು ತೆರೆಯುತ್ತಿದ್ದ. ಕೆಳಗಿನ ಹುಲ್ಲುಗಾವಲಿಗೆ ನೀರು ಹರಿಯುತ್ತಿತ್ತು. ಬೆಳ್ಳಕ್ಕಿಗಳು ಗೂಡಿಗೆ ಮರಳಿದೊಡನೆ ಮುಚ್ಚುತ್ತಿದ್ದ.

ಅವನಿಗೆ ಇದ್ದದ್ದು ಒಂದೇ ಕಟ್ಟಳೆ. ತೂಬು ತೆರೆದಿರುವಾಗ ನೀರುಗಂಟಿ ಕೂರಬಾರದು. ಕೂತವನಿಗೆ ತಂಗಾಳಿ ಹಿತ, ತಂಗಾಳಿ ಹಿತವಾದರೆ ಕಣ್ಣು ಭಾರ.

ಆ ಬೇಸಿಗೆಯಲ್ಲಿ ಕಪ್ಪೆಯಮ್ಮ ಕೆರೆಯಂಚಿನ ತೆಳುನೀರಿನಲ್ಲಿ ಮೊಟ್ಟೆಯಿಟ್ಟಿದ್ದಳು. ಮೊಟ್ಟೆಯೊಡೆದು ನೂರು ಗೊದಮೊಟ್ಟೆಗಳು ಬಾಲ ಅಲ್ಲಾಡಿಸುತ್ತಿದ್ದವು.

"ಕರಡಿಯಣ್ಣ, ಇವಕ್ಕಿನ್ನೂ ಕಾಲು ಬಂದಿಲ್ಲ. ನೀರು ತಗ್ಗಿದರೆ ಒಣಗಿಹೋಗ್ತಾವೆ" ಎಂದಳು.

"ನಾನಿರುವಾಗ ನಿನಗ್ಯಾಕೆ ಚಿಂತೆ ತಾಯಿ?" ಎಂದ ಕರಡಿ.

ಕೆರೆ ಏರಿಯ ಮೇಲೆ ಒಂದು ಇಪ್ಪೆ ಮರ. ಅದರ ಸಿಹಿ ಹೂಗಳು ಉದುರಿ ಬಂಡೆಯ ಕುಳಿಯಲ್ಲಿ ಬಿದ್ದಿದ್ದವು. ಕುಳಿಯಲ್ಲಿ ನೀರಿತ್ತು, ಮೇಲೆ ಬಿಸಿಲಿತ್ತು. ಆರು ದಿನ ಅಲ್ಲೇ ಕೊಳೆತ ಹೂವು ಗುಳುಗುಳು ಎಂದು ನೊರೆ ಎಬ್ಬಿಸಿತು.

ತೂಬು ತೆರೆದು ನಿಂತಿದ್ದ ಕರಡಿಯ ಮೂಗಿಗೆ ಆ ವಾಸನೆ ಬಡಿಯಿತು. ಒಂದು ಬೊಗಸೆ ಕುಡಿದ. ಹೊಟ್ಟೆ ಬೆಚ್ಚಗಾಯಿತು.

"ಸಾಕು ಕರಡಿಯಣ್ಣ" ಎಂದಿತು ಗಾಳಿ.

ಇನ್ನೊಂದು ಬೊಗಸೆ ಕುಡಿದ. ಲೋಕವೆಲ್ಲ ತನ್ನ ನೆಂಟರಂತೆ ಕಂಡಿತು.

"ಸಾಕು ಕರಡಿಯಣ್ಣ" ಎಂದಿತು ಗಾಳಿ.

"ನೀನು ಊದೋ ಕೆಲಸ ನೋಡಿಕೋ!" ಎಂದು ಕರಡಿ ಕುಳಿಯನ್ನು ನೆಕ್ಕಿ ಬರಿದು ಮಾಡಿದ. ಆಮೇಲೆ ಕೂತ.

"ಅಯ್ಯೋ, ಕೂತನಾ?" ಎಂದಳು ಪದ್ಮಾಕ್ಷಿ.

ಕೂತ. ಮಲಗಿಯೂ ಬಿಟ್ಟ.

ಈಗ ಕರಡಿಯ ಹೊಟ್ಟೆಯೊಳಗೆ ಹೋಗೋಣ. ಅಲ್ಲಿ ಯಕೃತ್ತು ಎಂಬ ಕೆಂಪು ಮನೆಯಿದೆ. ನೀವು ಲಿವರ್ ಅನ್ನುತ್ತೀರಲ್ಲ, ಅದೇ. ಆ ಮನೆಯಲ್ಲಿ ಅಕ್ಕ ತಂಗಿ ಇಬ್ಬರು, ಒಲೆ ಒಂದೇ. ಇಪ್ಪೆ ನೀರು ಬಂದರೆ ಅಕ್ಕ ಅದನ್ನು ಮುರಿದು ಕೆಂಡ ಮಾಡುತ್ತಾಳೆ. ಆ ಕೆಂಡ ಕುಡಿದದ್ದಕ್ಕಿಂತ ಕೆಟ್ಟದ್ದು, ಮುಟ್ಟಿದಲ್ಲೆಲ್ಲ ಸುಡುತ್ತದೆ. ತಂಗಿ ಅದನ್ನು ಆರಿಸಿ ಹುಳಿನೀರು ಮಾಡುತ್ತಾಳೆ. ಹುಳಿನೀರಿನಿಂದ ಕೇಡಿಲ್ಲ, ಕೊನೆಗೆ ಅದು ಉಸಿರಾಗಿ, ನೀರಾಗಿ ಹೊರಗೆ ಹೋಗುತ್ತದೆ.

ಒಂದು ಬೊಗಸೆ ಬಂದರೆ ಇಬ್ಬರೂ ಹಾಡು ಹೇಳಿಕೊಂಡು ಮುಗಿಸುತ್ತಾರೆ. ಅವತ್ತು ಒಂದು ಕುಳಿಯೇ ಬಂತು.

"ತಂಗಿ, ಬೇಗ!"

"ಅಕ್ಕ, ನೀನು ಸುರೀತಾನೇ ಇದ್ದೀಯ, ನನಗೆ ಎರಡೇ ಕೈ!"

ಇನ್ನೊಂದು ಸಂಗತಿಯೂ ಇದೆ. ಕರಡಿಯ ತಲೆಯೊಳಗೆ ಒಬ್ಬ ಪುಟ್ಟ ನೀರುಗಂಟಿಯಿದ್ದ. ಮೈಯ ನೀರು ಸುಮ್ಮನೆ ಹರಿದುಹೋಗದಂತೆ ಕಾಯುವುದು ಅವನ ಕೆಲಸ. ಇಪ್ಪೆಯ ಅಮಲಿಗೆ ಅವನೂ ಕೂತ. ಅವನೂ ಮಲಗಿದ. ಅದಕ್ಕೇ ಕರಡಿ ನಿದ್ದೆಗಣ್ಣಲ್ಲೇ ಮತ್ತೆ ಮತ್ತೆ ಎದ್ದು ಪೊದೆಯ ಮರೆಗೆ ಹೋಗಬೇಕಾಯಿತು.

ಇಲ್ಲಿ ಪದ್ಮಾಕ್ಷಿ ನಕ್ಕಳು. "ಚಿಕ್ಕಪ್ಪನೂ ಹೋದ!" ಎಂದಳು. ಓಬಳೇಶ ಟವೆಲನ್ನು ಕಣ್ಣಿನವರೆಗೆ ಎಳೆದುಕೊಂಡ.

ಹೀಗೆ ಕೆರೆಯ ತೂಬೂ ತೆರೆದಿತ್ತು, ಮೈಯ ತೂಬೂ ತೆರೆದಿತ್ತು.

ಬೆಳಗಾಯಿತು. ಬಿಸಿಲು ಕರಡಿಯ ಕಣ್ಣಿಗೆ ಮುಳ್ಳಿನಂತೆ ಚುಚ್ಚಿತು. ನಾಲಿಗೆ ಒಣಗಿದ ತೊಗಟೆಯಾಗಿತ್ತು. ಅಷ್ಟು ಹೊತ್ತು ಮಲಗಿದ್ದರೂ ನಿದ್ದೆ ಮೈಗೆ ಹತ್ತಿರಲಿಲ್ಲ.

"ನನ್ನ ತಲೆಯೊಳಗೆ ಯಾರೋ ರಾಗಿ ಬೀಸ್ತಿದ್ದಾರೆ!" ಎಂದು ನರಳಿದ.

ನರಿ ಬಂತು. "ಆಚೆ ಕುಳಿಯಲ್ಲೂ ಇದೆ, ಇನ್ನೊಂದು ಬೊಗಸೆ ಹಾಕು ಕರಡಿಯಣ್ಣ, ಸರಿಹೋಗುತ್ತೆ" ಎಂದಿತು.

"ಹಾಕು ನೋಡೋಣ! ನಿನ್ನೆಯದೇ ಮುಗಿದಿಲ್ಲ ಇಲ್ಲಿ!" ಎಂದು ಹೊಟ್ಟೆಯೊಳಗಿಂದ ಅಕ್ಕ ಕೂಗಿದಳು.

"ತಾಯಿ, ಸ್ವಲ್ಪ ಬೇಗ ಮಾಡಿ" ಎಂದು ಕರಡಿ ಬೇಡಿದ. ಮರದ ನೆರಳಿನ ತಂಪು ಮಣ್ಣಿಗೆ ತಲೆ ಒತ್ತಿದ. ಹುಣಸೆಕಾಯಿ ಕಚ್ಚಿದ. ತಲೆಕೆಳಗಾಗಿ ನಿಂತ.

"ನೀನು ಹೇಗೆ ನಿಂತರೂ ನಮ್ಮ ಒಲೆ ಒಂದೇ ಕಣಪ್ಪ" ಎಂದಳು ತಂಗಿ. "ನೀರು ಕುಡಿ. ಕಾದಿರು."

ಅಷ್ಟರಲ್ಲಿ ಕಪ್ಪೆಯಮ್ಮನ ಕೂಗು ಕೇಳಿಸಿತು. ಕರಡಿ ತಿರುಗಿ ನೋಡಿದ. ಕೆರೆ ಇರಲಿಲ್ಲ. ಬಿರುಕುಬಿಡುತ್ತಿದ್ದ ಕೆಸರಿತ್ತು. ನಡುವೆ ಒಂದು ತಟ್ಟೆಯಷ್ಟು ನೀರು, ಅದರಲ್ಲಿ ಗೊದಮೊಟ್ಟೆಗಳು ಒಂದರ ಮೇಲೊಂದು ಹೊರಳುತ್ತಿದ್ದವು.

ಕರಡಿ ಓಡಿ ತೂಬು ಮುಚ್ಚಿದ. ಮುಚ್ಚಿ ಉಳಿಸಲು ಅಲ್ಲಿ ನೀರೇ ಇರಲಿಲ್ಲ. ಹರಿದ ನೀರೆಲ್ಲ ಹುಲ್ಲುಗಾವಲು ದಾಟಿ ಕೆಳಗಿನ ಆಳದ ಮಡುವನ್ನು ಸೇರಿತ್ತು.

"ಮರಿಗಳನ್ನು ಮಡುವಿಗೇ ಒಯ್ಯಲೇ ತಾಯಿ?"

"ಅಲ್ಲಿ ಮೀನುಗಳಿವೆ. ಒಂದು ಗುಕ್ಕಿಗೂ ಉಳಿಯಲ್ಲ ಇವು. ನೀನಿರುವಾಗ ಚಿಂತೆ ಯಾಕೆ ಅಂದಿದ್ದೆಯಲ್ಲ?"

ಕರಡಿ ಏರಿಯಿಂದ ಕೆಳಕ್ಕೆ ಓಡಿದ. ಮಡುವಿಗೆ ಇಳಿದು ಮುಳುಗಿದ. ಮೈತುಂಬ ಕೂದಲು ನೀರು ಹೀರಿಕೊಂಡಿತು. ಏರಿ ಹತ್ತಿ ಬಂದು ಆ ತಟ್ಟೆಯಷ್ಟು ನೀರಿನ ಮೇಲೆ ಮೈ ಕೊಡವಿದ. ಮತ್ತೆ ಇಳಿದ, ಮತ್ತೆ ಹತ್ತಿದ, ಮತ್ತೆ ಕೊಡವಿದ.

ಒಂದೊಂದು ಹೆಜ್ಜೆಗೂ ತಲೆಯಲ್ಲಿ ಬೀಸುಕಲ್ಲು ತಿರುಗುತ್ತಿತ್ತು. ತಲೆ ಎತ್ತಿದರೆ ಬಿಸಿಲು ಚುಚ್ಚುತ್ತಿತ್ತು, ಅದಕ್ಕೇ ತಗ್ಗಿಸಿದ. ನೇರ ಹಿಡಿದರೆ ನೋವು ಒಂದೇ ಕಡೆ ನಿಲ್ಲುತ್ತಿತ್ತು, ಅದಕ್ಕೇ ಅತ್ತ ಇತ್ತ ತೂಗಿದ. ತಗ್ಗಿಸಿ, ತೂಗಿ, ನಡೆದ.

ಹೊತ್ತು ಇಳಿಯುವಾಗ ಹೊಟ್ಟೆಯೊಳಗೆ ತಂಗಿ ಕೊನೆಯ ಕೆಂಡ ಆರಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಪುಟ್ಟ ನೀರುಗಂಟಿಯೂ ಎದ್ದ. ಕರಡಿಯ ತಲೆ ಹಗುರವಾಯಿತು. ಆದರೂ ಅವನು ಕೂರಲಿಲ್ಲ. ಎರಡನೇ ದಿನವೂ ನೀರು ಹೊತ್ತ. ಮೂರನೇ ದಿನವೂ ಹೊತ್ತ. ಅವತ್ತು ಸಂಜೆ ಅಶ್ವಿನಿ ಮಳೆ ಸುರಿಯಿತು. ಕೆರೆಗೆ ನೀರು ಬಂತು. ಉಳಿದ ಗೊದಮೊಟ್ಟೆಗಳು ಬಾಲ ಅಲ್ಲಾಡಿಸಿದವು.

"ಹೋಗು, ಮಲಗು ಕರಡಿಯಣ್ಣ. ನೀರುಗಂಟಿಯ ಕೆಲಸ ಇನ್ನು ನಿನಗೆ ಬೇಡ" ಎಂದಳು ಕಪ್ಪೆಯಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಕತೆ ಮುಗಿದಾಗ ಓಬಳೇಶ ಟವೆಲ್ ಸರಿಸಿ, "ಅಂತೂ ಆ ಕರಡಿಗೆ ಅತ್ತಿಗೆ ಇರಲಿಲ್ಲ. ಪುಣ್ಯವಂತ" ಎಂದ. ಪದ್ಮಾಕ್ಷಿ ಅವನಿಗೆ ಐದನೇ ಚೊಂಬು ನೀರು ತಂದುಕೊಟ್ಟು, "ಕುಡಿ. ಕಾದಿರು" ಎಂದಳು.

ಭಾನುವಾರ ಇಬ್ಬರೂ ಗುಡ್ಡಕ್ಕೆ ಹೋದರು. ಕರಡಿ ಸಿಕ್ಕಿತು. ದೂರದ ಬಂಡೆಯ ಮೇಲೆ, ತಲೆ ತಗ್ಗಿಸಿ, ಅತ್ತ ಇತ್ತ ತೂಗುತ್ತ, ಜೋಲುಗೂದಲು ಕೊಡವುತ್ತ ಹೋಗುತ್ತಿತ್ತಂತೆ. ಅಂದು ಕಲಿತ ನಡಿಗೆಯನ್ನು ಅದು ಇಂದಿಗೂ ಬಿಟ್ಟಿಲ್ಲ. ಹೆಚ್ಚು ಕುಡಿದವರು ಮರುದಿನ ತಲೆ ತಗ್ಗಿಸಿ ಚೊಂಬು ಹುಡುಕುವುದನ್ನೂ ನೀವು ಇಂದಿಗೂ ನೋಡಬಹುದು.

ಒಟ್ಟು ತೆತ್ತದ್ದನ್ನು ದಿನಚರಿಯಲ್ಲಿ ಕತೆ ಹೇಳಿದ ದಿನವೇ ಬರೆದಿಟ್ಟಿದ್ದೇನೆ. ಕರಡಿ: ಒಂದು ಕೆರೆ ನೀರು, ನೂರರಲ್ಲಿ ಏಳು ಗೊದಮೊಟ್ಟೆ, ನೀರುಗಂಟಿಯ ಕೆಲಸ. ಓಬಳೇಶ: ಒಂದು ಶುಕ್ರವಾರ.